ಎರಡು ಗುರುತು ಸಾಕು

ಮೂರು ಕಾಲು, ಒಂದೇ ಕಣ್ಣು.
ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸುತ್ತದೆಂದು
ಸೆಂಟ್ರಿಂಗ್ ಹುಡುಗರು ಇಟ್ಟ ಹೆಸರು ಗೂಗೆ.
ಕಂಪನಿಯ ಪಟ್ಟಿಯಲ್ಲಿ ಅದಕ್ಕೆ ಹನ್ನೊಂದು ಅಂಕಿಯ ನಂಬರು.
ನನ್ನ ಸಹಿಯ ಮೇಲೆ ಬರುತ್ತದೆ, ನನ್ನ ಸಹಿಯ ಮೇಲೆ ಹೋಗುತ್ತದೆ,
ಬಿದ್ದು ಒಡೆದರೆ ನನ್ನ ಎರಡು ವರ್ಷದ ಸಂಬಳ.

ಕೋಡಿಬಾಗ. ಬೆಳಗಿನ ಆರೂವರೆ.
ಸೇತುವೆಯ ಮೇಲೆ ಗೋವೆಯ ಕಡೆಗೆ
ಮೊದಲ ಮೀನಿನ ಲಾರಿ, ನೀರು ಸೋರಿಸುತ್ತ.
ಬಿಸಿಲೇರಿದರೆ ಚುಕ್ಕಿ ಕಾಣುವುದಿಲ್ಲ,
ಅದಕ್ಕೇ ಮಂಕಾಳಿ ಕೊಡೆ ತರುತ್ತಾಳೆ,
ತನಗಲ್ಲ, ಚುಕ್ಕಿಗೆ.

ಮೊದಲು ತಾನೆಲ್ಲಿದ್ದೇನೆಂದು ಅದಕ್ಕೆ ತಿಳಿಯಬೇಕು.
ಎಲ್ಲಿ ನಿಲ್ಲಿಸಿದರೂ ತಕರಾರಿಲ್ಲ.
ಕಾಂಪೌಂಡಿನ ಮೊಳೆಯೊಂದನ್ನು ನೋಡುತ್ತದೆ,
ಲೈಟುಕಂಬಕ್ಕೆ ಅಂಟಿಸಿದ ಹೊಳೆಯುವ ಚೌಕ ನೋಡುತ್ತದೆ,
ಎರಡೇ ಗುರುತು,
ಆಮೇಲೆ ಝುಂ ಎಂದು ತಲೆ ಹೊರಳಿಸಿ, ಬಾಗಿ,
ಬರಿಯ ನೆಲದ ಮೇಲೆ ಒಂದು ಕೆಂಪು ಇಡುತ್ತದೆ:
ಇಲ್ಲಿ ಕಾಲಂ ಹದಿನಾಲ್ಕು.

ಇನಾಸ ಮೇಸ್ತ್ರಿ ಬಂದು ಅದರ ನೆತ್ತಿಗೆ ಮೊಳೆ ಹೊಡೆಯುತ್ತಾನೆ.
ಮೂರು ನಾಲ್ಕು ಐದು ಎಂದು ದಾರ ಎಳೆದು ಮೂಲೆ ಕೂರಿಸಿದವನು,
ರಸಮಟ್ಟದ ಗುಳ್ಳೆ ನಿಲ್ಲುವವರೆಗೆ ಉಸಿರು ಬಿಡದವನು.
ಮೊದಲ ವಾರ ನಾನು ಊಟಕ್ಕೆ ಹೋದಾಗ
ಕಳ್ಳನಂತೆ ದಾರ ಎಳೆದು ನೋಡಿದ.
ಎರಡು ನೂಲು ವ್ಯತ್ಯಾಸ.
ಯಾರದು ತಪ್ಪೆಂದು ಇಬ್ಬರೂ ಬಾಯಿಬಿಡಲಿಲ್ಲ.
ನಿನ್ನೆ ಚುಕ್ಕಿ ಅವನ ಡಬ್ಬಿಯ ಮುಚ್ಚಳದ ಮೇಲೆ ಬಿತ್ತು.
ಡಬ್ಬಿ ಸರಿಸಿದ. ಅದು ನೆಲಕ್ಕಿಳಿದು ತನ್ನ ಜಾಗ ಸೇರಿತು.
“ನನ್ನ ಬಾಂಗಡೆ ಸಾರಿನ ಮೇಲೇ ಎಂಟು ಮಾಳಿಗೆ ಏಳ್ತಿತ್ತು ನೋಡು” ಎಂದ.

ಅಪ್ಪನಿಗೆ ಇದರಲ್ಲಿ ಅಚ್ಚರಿಯೇ ಇಲ್ಲ.
ನಲವತ್ತು ವರ್ಷ ನೀರಿನ ಮೇಲೆ ಮೊಳೆ ಹೊಡೆದವನು.
ದೇವಗಡದ ದೀಪ ಕೂರ್ಮಗಡದ ಮೂಗಿಗೆ ತಾಗಬೇಕು,
ಸಾಮಿಲ್ಲಿನ ಚಿಮಣಿ ಗುಡ್ಡಳ್ಳಿಯ ತಗ್ಗಿನಲ್ಲಿ ಕೂರಬೇಕು,
ಎರಡೂ ಒಟ್ಟಿಗೆ ಕೂತ ಗಳಿಗೆ ಲಂಗರು.
ಎಂಟು ಮಾರು ಕೆಳಗೆ ಬಂಡೆ, ಬಂಡೆಯ ಸಂದಿನಲ್ಲಿ ಗೋಬ್ರ.
ಒಂದು ದೋಣಿಯುದ್ದ ತಪ್ಪಿದರೆ ಬರೀ ಕೆಸರು.
ಆ ಬಂಡೆಗೆ ನಮ್ಮ ಮನೆಯಲ್ಲಿ ಒಂದು ಹೆಸರಿದೆ.
ಹೊರಗೆ ಹೇಳುವುದಿಲ್ಲ, ಇಲ್ಲಿಯೂ ಹೇಳುವುದಿಲ್ಲ.
ತಮ್ಮನ ಬೋಟಿಗೆ ಜಿಪಿಎಸ್ ಬಂದಾಗಲೂ
ಅದನ್ನು ಒಳಗೆ ಸೇರಿಸಗೊಡಲಿಲ್ಲ:
ಯಂತ್ರಕ್ಕೆ ಹೇಳಿದ್ದು ಬಂದರಿಗೆಲ್ಲ ಹೇಳಿದ ಹಾಗೆ.

ಹೋದ ತಿಂಗಳು ಚಿಮಣಿ ಬಿತ್ತು.
ಬಿದ್ದ ಜಾಗದಲ್ಲಿ ಈಗ ಗೂಗೆ ನಿಂತಿದೆ.
ಇನ್ನೂರ ಹದಿನಾರು ಚುಕ್ಕಿ, ಎಲ್ಲವೂ ನನ್ನ ಕೈಯವು.
ಮನೆಯಲ್ಲಿ ಹೇಳಲು ಹನ್ನೆರಡು ದಿನ ಹಿಡಿಯಿತು.

ಅಪ್ಪ ಗಾಳದ ಮೊನೆ ಉಜ್ಜುತ್ತಿದ್ದ.
“ಗೊತ್ತು. ಹದಿನೈದು ದಿನದಿಂದ ಕೆಸರೇ ಬರ್ತದೆ.”
ಉಜ್ಜುವುದು ನಿಲ್ಲಲಿಲ್ಲ.
ಅಮ್ಮ ಚಹಾ ಇಟ್ಟು ಹೋದಳು.
ತಪ್ಪಾಯಿತು ಎನ್ನುವಂಥ ಏನನ್ನೋ
ನಾನು ಬಾಯಲ್ಲಿ ಹೊಂದಿಸುತ್ತಿದ್ದೆ.

“ಮೇಲೆ ನೀರಿನ ಟಾಕಿ ಇರ್ತದಲ್ಲ? ಯಾವ ಮೂಲೆಗೆ?”
ಬಡಗಣ ಮೂಲೆಗೆ, ಎಂದೆ.
ಕಣ್ಣು ಮುಚ್ಚಿ ಅವನು ಸಮುದ್ರಕ್ಕೆ ಹೋದ,
ಅಲ್ಲಿ ನಿಂತು ತಿರುಗಿ ನೋಡಿದ.
ಚಹಾ ಕೆನೆಗಟ್ಟಿತು.
“ಚಿಮಣಿಗಿಂತ ಹತ್ತು ಮಾರು ಎಡಕ್ಕೆ. ಅಡ್ಡಿಲ್ಲ.
ತಗ್ಗು ಬಿಟ್ಟು ಕಲ್ಲಿನ ಕೋಡಿಗೆ ಕೂರ್ತದೆ.
ಬಣ್ಣ ಯಾವ್ದು ಹಚ್ತ್ರು, ಕೇಳ್ಕಂಡು ಬಾ.
ಬಿಳಿ ಆದ್ರೆ ಮೋಡದಲ್ಲಿ ಕಾಣೂದಿಲ್ಲ.”

ಈ ಬೆಳಿಗ್ಗೆ ನಕ್ಷೆ ತೆರೆದೆ.
ಟಾಕಿಯ ಅಗಲವಿದೆ, ಎತ್ತರವಿದೆ,
ಪೈಪು ಹಾಯುವ ತೂತಿನ ಅಳತೆಯೂ ಇದೆ.
ಬಣ್ಣದ ಮನೆಯಲ್ಲಿ ಬರೀ ಅಡ್ಡಗೆರೆ.

ಮಂಕಾಳಿ ಕೊಡೆ ಬಿಚ್ಚಿದಳು.
ಇಂಜಿನಿಯರು ಬರುವುದು ಹತ್ತಕ್ಕೆ.
ಕೆಂಪು ಎನ್ನಬೇಕು.
ಯಾಕೆಂದು ಕೇಳಿದರೆ ಹೇಳಬಾರದು.