ಮೊದಲ ಸ್ಟಾಪಿನಲ್ಲಿ ಹತ್ತಿದ್ದು

ಮೊದಲು ಕಳೆದುಹೋದವರು ಕಿಟಕಿ ಬದಿಯವರು.
ಶಿವಮೊಗ್ಗ–ಭದ್ರಾವತಿ, ಬೆಳಗಿನ ಆರೂ ಮುಕ್ಕಾಲರ ಗಾಡಿ.
ತುಂಗೆಯ ಸೇತುವೆ ದಾಟುವಷ್ಟರಲ್ಲಿ
ಹಿಂದಿನ ಸೀಟಿನ ತನಕ ಟಿಕೆಟ್ ಕೊಟ್ಟು ಮುಗಿಸುತ್ತಿದ್ದವಳು ನಾನು.
ಮಾಚೇನಹಳ್ಳಿಯಲ್ಲಿ ಚೆಕಿಂಗಿನವರು ಹತ್ತಿ
ಎಡಗಡೆ ಮೂವರು, ಬಲಗಡೆ ಇಬ್ಬರು ಎಂದು ಎಣಿಸಿದಾಗ
"ಇವರೆಲ್ಲಿದ್ದರು?" ಅಂದೆ.
ಬಸ್ಸೆಲ್ಲ ನಕ್ಕಿತು.
ಮೆಮೊ ಬಂತು.

ನಡುವಿನದೆಲ್ಲ ನಿಚ್ಚಳ. ನೋಟಿನ ನಂಬರು,
ಡ್ರೈವರ್ ಹಾಲೇಶಪ್ಪನ ಕತ್ತಿನ ಟವೆಲ್ಲು.
ಅಂಚು ಮಾತ್ರ ಇಲ್ಲ.
ಕತ್ತಲೆಯೂ ಅಲ್ಲ, ಕತ್ತಲಾದರೆ ಗೊತ್ತಾಗುತ್ತಿತ್ತು.
ನಿಮ್ಮ ಬೆನ್ನ ಹಿಂದೆ ನಿಮಗೇನು ಕಾಣುತ್ತದೆ ಹೇಳಿ,
ಅದು.

ಇನ್ನೊಂದನ್ನು ಯಾರಿಗೂ ಹೇಳಿರಲಿಲ್ಲ.
ತಿಂಗಳ ಲೆಕ್ಕ ನಿಂತು ಏಳು ತಿಂಗಳು,
ಮಗಳು ಪಿಯುಸಿಗೆ ಸೇರಿದ ವರ್ಷ
ಖಾಕಿ ಅಂಗಿಯ ಎದೆಯಲ್ಲಿ ರೂಪಾಯಿಯಗಲ ಒದ್ದೆ.
ಡಿಪೊದ ಹೆಂಗಸರ ಕೋಣೆಯಲ್ಲಿ ಚಿಲಕ ಹಾಕಿ
ಮುಟ್ಟಿ ನೋಡಿದೆ. ಹಾಲು.
ಯಾರಿಗೆ?
ಕ್ಯಾಶ್ ಬ್ಯಾಗನ್ನು ಎದೆಗೆ ಅಡ್ಡ ಎಳೆದುಕೊಂಡು
ಮುಂದಿನ ಟ್ರಿಪ್ಪಿಗೆ ಹೊರಟೆ.

ಮೆಗ್ಗಾನಿನಲ್ಲಿ ಬಿಳಿ ಗುಮ್ಮಟದೆದುರು ಗಲ್ಲ ಇಡಿಸಿ
"ಮಿಣುಕು ಕಂಡಾಗ ಗುಂಡಿ ಒತ್ತಿ" ಅಂದರು.
ಒತ್ತಿದೆ. ಆಮೇಲೆ ತುಂಬ ಹೊತ್ತು ಒತ್ತಲೇ ಇಲ್ಲ.
ಕೊನೆಗೆ ಬಂದ ಕಾಗದದಲ್ಲಿ
ಎರಡೂ ಕಣ್ಣಿನ ಹೊರಗಿನ ಅರ್ಧ, ಮಸಿ.

ಡಾಕ್ಟರ್ ಮೆಂಡೋನ್ಸಾ ಚೀಟಿಯ ಹಿಂದೆ ಬರೆದು ತೋರಿಸಿದರು.
ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ
ಕುದುರೆ ಜೀನಿನಂಥ ಮೂಳೆ,
ಜೀನಿನಲ್ಲಿ ಕಡಲೆಕಾಳಿನಷ್ಟು ಗ್ರಂಥಿ.
"ನೀವು ಅವ್ವನ ಹೊಟ್ಟೆಯಲ್ಲಿ ತಿಂಗಳ ಪಿಂಡವಾಗಿದ್ದಾಗ
ಬಾಯಿಯ ಮಾಡು ಚೀಲದ ಹಾಗೆ ಮೇಲೆದ್ದು
ಇಳಿದುಬರುವ ಮಿದುಳನ್ನು ಮುಟ್ಟಿತು.
ಆಮೇಲೆ ಆ ದಾರಿ ಮುಚ್ಚಬೇಕು.
ನಿಮ್ಮಲ್ಲೊಂದು ಸಂದು ಉಳಿದು, ನೀರು ತುಂಬಿ, ಗುಳ್ಳೆಯಾಗಿದೆ.
ಅಪರೂಪ. ಆದರೆ ಸಾಧು, ಹೆದರಬೇಡಿ."

ಸಾಧು!
ಹಸುವೂ ಸಾಧುವೇ,
ಬಾಗಿಲಿಗೆ ಅಡ್ಡ ಮಲಗಿದರೆ ಒಳಗಿದ್ದವರು ಒಳಗೇ.
ಎರಡು ಕಣ್ಣಿನ ನರ ಹೆಣೆದುಕೊಳ್ಳುವ ಜಾಗಕ್ಕೇ
ಬೆನ್ನೊರಗಿಸಿ ಕೂತಿದೆ ಇದು.

ನನಗೆ ತಿಳಿದದ್ದು ನನ್ನ ಕಸುಬಿನ ಮಾತಲ್ಲಿ.
ಮೊದಲ ಸ್ಟಾಪಿನಲ್ಲೇ ಹತ್ತಿದ್ದು,
ನನಗಿನ್ನೂ ಮುಖ ಮೂಡುವ ಮುಂಚೆ.
ನಲವತ್ತೊಂದು ವರ್ಷ ನಾನು ಟಿಕೆಟ್ ಕೇಳದ ಸೀಟು.
ಅಕ್ಷರ ಕಲಿತಾಗ, ಮೈನೆರೆದಾಗ, ಹೆತ್ತಾಗ,
ಅವರನ್ನು ಸ್ಮಶಾನದಲ್ಲಿ ಬಿಟ್ಟು ಬಂದ ರಾತ್ರಿ
ಜೊತೆಗೇ ಇತ್ತು, ಮಾತಿಲ್ಲದೆ.
ಅವ್ವ ಕೂಡ ಅಷ್ಟು ದೂರ ಬರಲಿಲ್ಲ.

ಮಣಿಪಾಲದಲ್ಲಿ ಮೂಗಿನ ದಾರಿಯಿಂದ ಹೋಗಿ ಇಳಿಸಿದರು.
ತಲೆಗೂದಲು ಕೊಂಕಲಿಲ್ಲ, ಗಾದೆಯಲ್ಲ, ನಿಜಕ್ಕೂ.
ಗಂಜಿಯಂಥ ನೀರು, ಅರ್ಧ ಚಮಚೆಯೂ ಇರಲಿಲ್ಲವಂತೆ.
ಮೂರು ದಿನ ತುಂಗೆಯನ್ನೇ ಕುಡಿದುಬಿಡುವ ಬಾಯಾರಿಕೆ.

ಅಂಚುಗಳು ತಡವಾಗಿ ಬಂದವು, ಒಂದೊಂದೇ.
ಮೊದಲು ಕಂಡದ್ದು, ದೇವರಾಣೆ, ಹೂವಲ್ಲ, ಹೊಳೆಯಲ್ಲ,
ಹಾಲೇಶಪ್ಪನ ಎಡಗಿವಿಯೊಳಗಿನ ಬಿಳಿ ಕೂದಲು.
ನಕ್ಕೆ. ಅವನಿಗೆ ಕಾರಣ ಹೇಳಲಿಲ್ಲ.

"ಮತ್ತೆ ತುಂಬಬಹುದು, ವರ್ಷಕ್ಕೊಮ್ಮೆ ಬನ್ನಿ" ಅಂದಿದ್ದಾರೆ.
ಕಡದಕಟ್ಟೆ ದಾಟಿ ಗಾಡಿ ಬರಿದಾಗುವಾಗ
ತಲೆ ಎಣಿಸುತ್ತೇನೆ, ರೂಢಿ.
ಎಡಕ್ಕೆ ನಾಲ್ವರು, ಬಲಕ್ಕೆ ಇಬ್ಬರು,
ಕಿಟಕಿಗೊರಗಿ ನಿದ್ದೆಹೋದ ಐಟಿಐ ಹುಡುಗ.
ನನ್ನದನ್ನು ಒಂದು ಅಂತ ಹಿಡಿಯಬೇಕೋ, ಎರಡೋ
ತಿಳಿಯದೆ
ಸೀಟಿ ಊದುತ್ತೇನೆ.