ಹೆಚ್ಚಿದ ತಟ್ಟೆ

ಬರ್ಸ್ಲೆಮ್ಮಿನ ಚರ್ಚ್ ಹಾಲು. ಮಂಗಳವಾರ.
ಕಾಲುವೆಯ ಹೂಳೆತ್ತಿದಾಗ ಸಿಕ್ಕ ಪಿಂಗಾಣಿ ಚೂರುಗಳು
ಹಳೇ ಪೇಪರಿನ ಮೇಲೆ ಒಣಗುತ್ತಿವೆ.
ನನ್ನ ಪಾಲಿಗೆ ಬಂದದ್ದು ನೀಲಿ ಅಂಚಿನದು,
ತಟ್ಟೆಯ ಕಾಲುಭಾಗವೂ ಇಲ್ಲ.
ನಡುವು ಎಲ್ಲೋ ಕೆಸರಲ್ಲೇ ಉಳಿದಿದೆ.

ತುಂಬಬೇಕಾದ ಹಾಳೆಯಲ್ಲಿ ಒಂದು ಖಾನೆ: ವ್ಯಾಸ.
ಇಲ್ಲದ ನಡುವನ್ನು ಹಾಯ್ದು ಹೋಗುವ ಗೆರೆಗೆ
ಎಲ್ಲಿಂದ ಹಿಡಿಯಲಿ ಟೇಪು?

ಹಿರೇಕೆರೂರಿನ ಪಾರ್ವತೆವ್ವ ಅಕ್ಕೋರು ನೆನಪಾದರು.
ಬೋರ್ಡಿಗೊಂದು ದುಂಡು ಎಳೆದು, ಅಡ್ಡ ಒಂದು ಗೆರೆ ಹಾಕಿ
"ಇದು ಜ್ಯಾ. ಅಂದ್ರ ಬಿಲ್ಲಿನ ಹೆದೆ.
ಹೆದೆ ನಟ್ಟನಡುವಿಂದ ನೆಟ್ಟಗ
ಬಿಲ್ಲಿಗೆ ಮುಟ್ಟೂದು ಶರ.
ಆ ಶರಾನ ಹಿಂದಕ್ಕ ಜಗ್ಗು, ಜಗ್ಗು, ಇನ್ನೂ ಜಗ್ಗು,
ಕೇಂದ್ರ ದಾಟಿ ಆಚಿ ದಂಡಿಗೆ ಹತ್ತಿದ್ರ
ವ್ಯಾಸ ಆತು."
ಹಿಂದಿನ ಬೆಂಚಿನಿಂದ ಯಾರೋ:
ಹಂಗಾರ ವ್ಯಾಸನೂ ಒಂದು ಜ್ಯಾ ಏನ್ರೀ?
"ಹೌದು. ಎಲ್ಲಾದಕ್ಕಿಂತ ಉದ್ದಂದು.
ಆದ್ರ ಎಲ್ಲಾ ಜ್ಯಾಕ್ಕೂ ಆ ಯೋಗ ಇಲ್ಲ, ಕುಂದ್ರು."

ಚೂರಿನ ತುದಿಯಿಂದ ತುದಿಗೆ ದಾರ ಬಿಗಿದೆ.
ಇಪ್ಪತ್ತು ಸೆಂಟಿಮೀಟರ್.
ದಾರದ ನಡುವಿನಿಂದ ಅಂಚಿಗೆ, ಶರ, ಐದು.
ಅರೆಜ್ಯಾ ಹತ್ತು; ಹತ್ ಹತ್ಲೆ ನೂರು.
ಐದರಿಂದ ಭಾಗಿಸಿದರೆ ಇಪ್ಪತ್ತು,
ಅದು ಕೆಸರಿನ ಪಾಲು.
ಕೈಯಲ್ಲಿರುವ ಐದನ್ನು ಕೂಡಿಸು:
ಇಪ್ಪತ್ತೈದು.

ಹದಿನೈದಕ್ಕೇ ತಟ್ಟೆಗೆಲಸಕ್ಕೆ ಸೇರಿದ ಮಿಸೆಸ್ ಬ್ಲೂರ್
ಚೂರಿನಂಚನ್ನು ಹೆಬ್ಬೆರಳಲ್ಲಿ ಒಮ್ಮೆ ಸವರಿ
"ಹತ್ತಿಂಚು" ಅಂದಳು.
ನನ್ನ ಲೆಕ್ಕದ ಕಡೆ ನೋಡಲೂ ಇಲ್ಲ.
ನಾಲ್ಕು ಮಿಲಿಮೀಟರ್ ಕಮ್ಮಿ ಬರ್ತಿದೆ, ಅಂದೆ.
"ಅವತ್ತು ಆವಿಗೆಗೆ ಹಸಿವು ಜಾಸ್ತಿ ಇತ್ತು ಅನ್ಸುತ್ತೆ.
ಒಂದೊಂದು ದಿನ ಹಾಗೇ, ತುಸು ಹೆಚ್ಚೇ ತಿನ್ನೋದು."

ಚಹಾದ ಹೊತ್ತಿಗೆ ಅವಳಿಗೆ ಹೇಳಿದೆ:
ನಮ್ಮ ಕಡೆ ಬಳೆ ಒಡೆಯಿತು ಅನ್ನಬಾರದು,
ಬಳೆ ಹೆಚ್ಚಿತು ಅನ್ನಬೇಕು.
ಅವಳು ಕಿಟಕಿಯಾಚೆ ನೋಡಿದಳು.
ಸೂರಿಲ್ಲದ ಕಾರ್ಖಾನೆ,
ಬಾಯಲ್ಲಿ ಗಿಡ ಹುಟ್ಟಿದ ಸೀಸೆಯಾಕಾರದ ಆವಿಗೆ,
ಬೀಗ ಹಾಕಿದ ಗೇಟು, ಇನ್ನೊಂದು ಗೇಟು.
"ಹಾಗಾದರೆ ಈ ಊರಲ್ಲಿ ಎಲ್ಲವೂ
ಸಿಕ್ಕಾಪಟ್ಟೆ ಹೆಚ್ಚಿದೆ, ಕಣೇ."

ನಗುತ್ತಲೇ ದುಂಡು ಬಿಸ್ಕತ್ತನ್ನು ಅದ್ದಿದಳು.
ಅದು ಒಂದು ಜ್ಯಾದ ಗುಂಟ ಮುರಿದು
ಕಪ್ಪಿನ ತಳ ಸೇರಿತು.

ಖಾನೆಯಲ್ಲಿ ಬರೆದೆ: ವ್ಯಾಸ ೨೫.
ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ:
ಹಸಿವು ೦.೪.