ಐಚ್ಛಿಕ ಪತ್ರಿಕೆ

ವೇಳಾಪಟ್ಟಿಯಲ್ಲಿ ನಮಗೊಂದು ಚೌಕ ಸಿಕ್ಕಿತು,
ಕೊಠಡಿ ಸಿಗಲಿಲ್ಲ.
ಸೋಮವಾರ ಪ್ರಾಣಿಶಾಸ್ತ್ರದ ಲ್ಯಾಬು,
ಬುಧವಾರ ಕಾನೂನಿನವರು ಎದ್ದುಹೋದ ಬೆಂಚು,
ಶುಕ್ರವಾರ ಯಾವ ಬಾಗಿಲು ತೆರೆದಿದೆಯೋ ಅದು.
ವಿರಾಜಪೇಟೆಯ ಮಂಜಿನಲ್ಲಿ ಸೀಮೆಸುಣ್ಣ ಜೇಬಿಗಿಳಿಸಿ
ಹದಿನಾಲ್ಕು ಮಂದಿಯನ್ನು ಹಿಂದೆ ಕಟ್ಟಿಕೊಂಡು ತಿರುಗುತ್ತೇನೆ,
ಗಂಟೆ ಲೆಕ್ಕದ ಸಂಬಳದವಳು.

"ಲಿಂಗ ಅಧ್ಯಯನವಾ?" ಎಂದರು ಪ್ರಾಂಶುಪಾಲರು,
"ಬೋರ್ಡಿನ ಮೇಲೆ ಬೇರೆ ಏನಾದರೂ ಬರೆಯಿರಿ."
ಬರೆದೆ: ಐಚ್ಛಿಕ ಪತ್ರಿಕೆ.
ಇಚ್ಛೆ ಅದರೊಳಗೇ ಕೂತಿರುವುದನ್ನು ಕಂಡು
ಹಿಂದಿನ ಬೆಂಚು ನಕ್ಕಿತು.

ಲ್ಯಾಬಿನ ಮೂಲೆಯಲ್ಲೊಂದು ಅಸ್ಥಿಪಂಜರ.
ಹೆಸರು ಪೂವಯ್ಯ. ಇಟ್ಟವರು ಯಾರೋ,
ಮೂವತ್ತು ವರ್ಷದಿಂದ ಪೂವಯ್ಯನೇ.
ಜಲಜಾ ಮೇಡಂ ಸೊಂಟದ ಮೂಳೆಗೆ ಬೆರಳಿಟ್ಟು
"ಅಗಲ ನೋಡಿ, ಹೆಂಗಸಿರಬೇಕು" ಅಂದರು.
ಆಮೇಲೆ ತಾವೇ, "ಇರಬಹುದು.
ಮೂಳೆ ಅಂದಾಜು ಹೇಳುತ್ತದೆ, ಹೆಸರು ಹೇಳುವುದಿಲ್ಲ."
ಅಟೆಂಡರ್ ಕುಟ್ಟಪ್ಪಣ್ಣನಿಗೆ ಇದು ಸರಿಬರಲಿಲ್ಲ.
ಬೀಗ ಹಾಕುವಾಗ ದಿನವೂ ಹೇಳುತ್ತಿದ್ದ
"ಬರ್ತೇನೆ ಮಾರಾಯ"
ಆ ಸಂಜೆ ಗಂಟಲಲ್ಲೇ ನಿಂತಿತಂತೆ.

ಚೀಯಣ್ಣ ಒಳ್ಳೆಮೆಣಸಿನ ಎರಡು ಬಳ್ಳಿ ತಂದ.
ಕಾಡಿನದಕ್ಕೆ ಗಂಡು ಬೇರೆ, ಹೆಣ್ಣು ಬೇರೆ;
ತೋಟದ್ದಕ್ಕೆ ಒಂದೇ ಹೂವಲ್ಲಿ ಎರಡೂ.
ಎರಡೂ ಇರುವುದನ್ನೇ ಅಜ್ಜಂದಿರು ಆರಿಸಿ ಆರಿಸಿ ನೆಟ್ಟರು,
ಫಸಲು ಜಾಸ್ತಿ ಎಂದು.
"ತೋಟದಲ್ಲಿ ಸರಿ," ಎಂದಳು ರಂಶೀನಾ, "ಮನೆಯಲ್ಲಿ?"
ಫ್ಯಾನು ಇದ್ದಿದ್ದರೆ
ಅದರ ಸದ್ದಾದರೂ ಕೇಳುತ್ತಿತ್ತು.

ಬೊಳ್ಳಿ ಲೈನ್‌ಮನೆಯಿಂದ ಅವ್ವನ ಕೂಲಿ ಪುಸ್ತಕ ತಂದಳು,
ಎಣ್ಣೆ ಹಿಡಿದ ಹಾಳೆ, ಪೆನ್ಸಿಲ್ ಅಂಕಿ.
ಕಾಫಿ ಕುಯ್ದರೆ ಕಿಲೋ ಲೆಕ್ಕ,
ತಕ್ಕಡಿ ಯಾರ ಕೈ ಎಂದು ಕೇಳುವುದಿಲ್ಲ.
ಕಳೆ ತೆಗೆದರೆ ದಿನದ ಲೆಕ್ಕ,
ಅಲ್ಲಿ ಗಂಡಾಳು, ಹೆಣ್ಣಾಳು, ನಡುವೆ ಒಂದು ಗೆರೆ,
ಗೆರೆಯ ಬೆಲೆ ನೂರಿಪ್ಪತ್ತು ರೂಪಾಯಿ.
ಅರ್ಥಶಾಸ್ತ್ರದ ಸರ್ ಬಾಗಿಲಲ್ಲೇ ನಿಂತು ಓದಿದರು,
ಕನ್ನಡಕ ತೆಗೆದು ಮತ್ತೊಮ್ಮೆ ಓದಿದರು.

ಹುಲಿ ಕೊಂದವನಿಗೆ ಹುಲಿಯೊಡನೆಯೇ
ಮದುವೆ ಮಾಡುತ್ತಿದ್ದ ನಾಡು ಇದು: ನರಿ ಮಂಗಲ.
ನಮ್ಮ ತಕ್ಕ್‌ನಲ್ಲಿ ನರಿ ಎಂದರೆ ಹುಲಿ, ಎಂದು
ಹೊರಗಿನವರಿಗೆ ಬಿಡಿಸಿ ಹೇಳಿದಳು ದೇಚಮ್ಮ.
"ಆ ಹುಲಿ ಗಂಡಾಗಿದ್ದರೆ?"
ಯಾರು ಕೇಳಿದರೋ.
ದೇಚಮ್ಮ ಶನಿವಾರ ಊರಿಗೆ ಹೋಗಿ ಅಜ್ಜಿಯನ್ನು ಕೇಳಿ ಬಂದಳು.
"ಹುಲಿ ಹುಲಿಯೇ," ಅಂದಿತಂತೆ ಅಜ್ಜಿ, "ಅಷ್ಟು ಹತ್ತಿರ ಹೋಗಿ
ನೋಡುವವರು ಯಾರು?"

ಮರುವಾರ ಹಾಜರಿ ಪುಸ್ತಕದೊಳಗೊಂದು ಚೀಟಿ:
'ನನ್ನ ಹೆಸರು ಕೂಗಬೇಡಿ ಮೇಡಂ, ಇನಿಶಿಯಲ್ ಸಾಕು.'
ಸಹಿ ಇಲ್ಲ.
ಅಂದಿನಿಂದ ಹದಿನಾಲ್ಕೂ ಮಂದಿ ಬರಿಯ ಇನಿಶಿಯಲ್.
ಯಾರೂ ಯಾಕೆಂದು ಕೇಳಲಿಲ್ಲ.
ಒಂದು "ಹಾಜರ್" ಮಾತ್ರ
ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ ಕೇಳಿಸಿತು,
ಎಲ್ಲಿಂದ ಎಂದು ನಾನು ತಲೆ ಎತ್ತಲಿಲ್ಲ.

ಸಂಜೆ ಕೊಡೆ ಮರೆತು ಲ್ಯಾಬಿಗೆ ಮರಳಿದೆ.
ಕುಟ್ಟಪ್ಪಣ್ಣ ದೀಪ ಆರಿಸಿ,
ಬೀಗದ ಕೈ ಹಿಡಿದು, ಮೂಲೆಯ ಕಡೆ ತಿರುಗಿ
ಒಂದು ಗಳಿಗೆ ತಡೆದು
"ಬರ್ತೇನೆ" ಎಂದ.
ಅಷ್ಟೇ.
ಕೊಡೆ ನಾಳೆ ತೆಗೆದುಕೊಂಡರಾಯಿತು ಎಂದು
ನೆನೆಯುತ್ತಲೇ ಇಳಿದೆ.